ಶತ್ರುವಿನ ಮನೆಯ ಪಿಯಾನೊ

ಪಿಯಾನೊದಿಂದ ಮನುಷ್ಯನಿಗೆ ಚಿತ್ರಹಿಂಸೆ ಕೊಡಲು ಸಾಧ್ಯವೇ? ಮೇಲಿನ ಮನೆಯ ಮಗು ದಿನಾ ಅದೇ ಪಾಠವನ್ನು ಅದೇ ತಪ್ಪಿನೊಂದಿಗೆ ನುಡಿಸುತ್ತಿದ್ದರೆ ಸಾಧ್ಯ ಎನ್ನುವವರು ಸಿಕ್ಕಾರು. ಅಮೆರಿಕದ ವಾಣಿಜ್ಯ ಇಲಾಖೆ ಮಾತ್ರ ಈ ಸಂಗತಿಯನ್ನು ಗಂಭೀರವಾಗಿಯೇ ಎತ್ತಿತ್ತು. 1990ರ ದಶಕದ ನಡುವಿನಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಬೆಂಜಮಿನ್ ಟ್ರುಹಾಫ್ಟ್ ಎಂಬ ಪಿಯಾನೊ ಟ್ಯೂನರ್, ಅಮೆರಿಕನ್ನರು ಬೇಡವೆಂದು ಮೂಲೆಗೆ ತಳ್ಳಿದ ಪಿಯಾನೊಗಳನ್ನು ಒಟ್ಟುಮಾಡಿ ಕ್ಯೂಬಾಕ್ಕೆ ದಾನವಾಗಿ ಕಳಿಸಲು ಪರವಾನಗಿ ಕೇಳಿದರು. ಇಲಾಖೆ ಒಪ್ಪಿತು. ಜೊತೆಗೊಂದು ಷರತ್ತು ಹಾಕಿತು: ಈ ಪಿಯಾನೊಗಳನ್ನು ಚಿತ್ರಹಿಂಸೆಗಾಗಲಿ, ಮಾನವ ಹಕ್ಕುಗಳ ಉಲ್ಲಂಘನೆಗಾಗಲಿ ಬಳಸಕೂಡದು.

ನಗು ಬರುತ್ತದೆ. ಆದರೆ ಆ ಷರತ್ತು ಹಾಕಿದ ಅಧಿಕಾರಿ ದಡ್ಡನೇನಲ್ಲ. ಕ್ಯೂಬಾಕ್ಕೆ ಔಷಧಿ ಮತ್ತು ವೈದ್ಯಕೀಯ ಸಾಮಾನು ಕಳಿಸುವ ಬಗ್ಗೆ 1992ರಲ್ಲಿ ಅಮೆರಿಕದ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿ ಇದೇ ಧಾಟಿಯ ಮಾತಿದೆ. ಒಂದು ಕಡತದ ಷರತ್ತು ಇನ್ನೊಂದು ಕಡತಕ್ಕೆ ತಾನಾಗಿ ನಡೆದುಕೊಂಡು ಹೋಗುವುದು ಸರ್ಕಾರಿ ಕಚೇರಿ ಕಂಡ ನಮಗೇನೂ ಹೊಸದಲ್ಲ. ಈ ಕಥೆಯಲ್ಲಿ ನಿಜಕ್ಕೂ ಯೋಚಿಸಬೇಕಾದದ್ದು ಇನ್ನೊಂದಿದೆ. ಪಿಯಾನೊಗಳಿಗೆ ಅನುಮತಿ ಕೊಟ್ಟ ಅದೇ ಸರ್ಕಾರ, ಪಿಯಾನೊ ಸರಿಮಾಡಲು ಹವಾನಾಕ್ಕೆ ಹೋಗಿಬಂದ ಟ್ರುಹಾಫ್ಟ್ ಅವರಿಗೆ ದಂಡದ ಬೆದರಿಕೆ ಹಾಕಿತು. ವಾದ್ಯ ಹೋಗಬಹುದು, ಅದರ ತಂತಿ ಬಿಗಿಮಾಡುವವನು ಹೋದರೆ ಅಪರಾಧ. ಇದು ಹೇಗೆ?

ಎರಡು ಇಲಾಖೆಗಳ ನಡುವೆ ಕೆಲಸ ಹಂಚಿಹೋಗಿರುವ ರೀತಿ ಹಾಗಿದೆ. 1962ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕೆನಡಿ ಕ್ಯೂಬಾದೊಂದಿಗಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದರು. ಸಾಮಾನಿನ ರಫ್ತನ್ನು ನೋಡಿಕೊಳ್ಳುವುದು ವಾಣಿಜ್ಯ ಇಲಾಖೆ, ಹಣದ ಓಡಾಟವನ್ನು ಕಾಯುವುದು ಖಜಾನೆ ಇಲಾಖೆ. ಖಜಾನೆಯ ಕೈಯಲ್ಲಿರುವ ಅಸ್ತ್ರ ಮೊದಲ ಮಹಾಯುದ್ಧದ ಕಾಲದ್ದು. ಜರ್ಮನಿಯನ್ನು ಎದುರಿಗಿಟ್ಟುಕೊಂಡು 1917ರಲ್ಲಿ ಮಾಡಿದ ‘ಶತ್ರುವಿನೊಡನೆ ವ್ಯಾಪಾರ ಕಾಯ್ದೆ’ ಅದು. ಅದರ ಅಡಿಯಲ್ಲಿ 1963ರಲ್ಲಿ ಕ್ಯೂಬಾಕ್ಕೆಂದೇ ಒಂದು ನಿಯಮಾವಳಿ ಬಂತು. ಅಮೆರಿಕದ ಪ್ರಜೆ ಕ್ಯೂಬಾಕ್ಕೆ ಕಾಲಿಡಕೂಡದು ಎಂದು ಅದು ನೇರವಾಗಿ ಹೇಳುವುದಿಲ್ಲ. ಪ್ರಯಾಣದ ಹಕ್ಕಿನ ತಂಟೆಗೆ ಹೋದರೆ ಸಂವಿಧಾನದ ಪ್ರಶ್ನೆ ಏಳುತ್ತದೆ. ಅದು ಹೇಳುವುದಿಷ್ಟೆ: ಅಲ್ಲಿ ದುಡ್ಡು ಖರ್ಚು ಮಾಡಕೂಡದು. ಮಲಗಲು ಕೋಣೆ, ಓಡಾಡಲು ಟ್ಯಾಕ್ಸಿ, ಒಂದು ಲೋಟ ಕಾಫಿ, ಎಲ್ಲವೂ ಶತ್ರುವಿನೊಡನೆ ವ್ಯಾಪಾರವೇ. ಉಪವಾಸವಿದ್ದು ಬಯಲಲ್ಲಿ ಮಲಗುವವನಿಗೆ ಮಾತ್ರ ಅಡ್ಡಿಯಿಲ್ಲ ಎಂದಂತಾಯಿತು. 1984ರಲ್ಲಿ ಈ ಜಾಣತನ ಸುಪ್ರೀಂ ಕೋರ್ಟಿನ ಮುಂದೆ ಬಂದು, ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರ ಒಪ್ಪಿಗೆಯಿಂದ ಉಳಿದುಕೊಂಡಿತು.

ಹಾಗಾಗಿ ‘ನಾನು ಸಂಬಳ ತೆಗೆದುಕೊಂಡಿಲ್ಲ, ಪುಕ್ಕಟೆ ದುಡಿದು ಬಂದೆ’ ಎನ್ನುವ ಸ್ವಯಂಸೇವಕನ ಸಮಜಾಯಿಷಿ ಖಜಾನೆಯ ಮೇಜಿನ ಮೇಲೆ ನಿಲ್ಲುವುದಿಲ್ಲ. ಕೇಳುವ ಪ್ರಶ್ನೆಯೇ ಬೇರೆ: ನೀನು ಎಷ್ಟು ಗಳಿಸಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಎಷ್ಟು ಕಳೆದೆ ಎಂದು ಕೇಳುತ್ತಾರೆ.

ಇನ್ನೂ ಒಂದು ಗಂಟಿದೆ. 1988ರಲ್ಲಿ ಹೋವರ್ಡ್ ಬರ್ಮನ್ ಎಂಬ ಕಾಂಗ್ರೆಸ್ ಸದಸ್ಯರು ತಂದ ತಿದ್ದುಪಡಿ ಪುಸ್ತಕ, ಸಿನಿಮಾ, ಧ್ವನಿಮುದ್ರಿಕೆ ಮುಂತಾದವನ್ನು ದಿಗ್ಬಂಧನದಿಂದ ಬಿಡಿಸಿತು. ವಿಚಾರಕ್ಕೆ ಸುಂಕದ ಕಟ್ಟೆ ಇರಬಾರದು ಎಂಬುದು ಅದರ ಆಶಯ, ಒಳ್ಳೆಯ ಆಶಯವೇ. ಆದರೆ ಪರಿಣಾಮ ನೋಡಿ. ಹವಾನಾದ ಪಿಯಾನೊ ವಾದಕರ ರೆಕಾರ್ಡನ್ನು ನ್ಯೂಯಾರ್ಕಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಬಹುದು, ಆ ವಾದಕರ ಪಿಯಾನೊಗೆ ಬೇಕಾದ ಒಂದು ತಂತಿಯನ್ನು ಅದೇ ಅಂಗಡಿಯಿಂದ ಕಳಿಸಬೇಕಾದರೆ ಅರ್ಜಿ, ಪರವಾನಗಿ, ಷರತ್ತು. ಕಾನೂನು ನಾದವನ್ನು ಬಿಟ್ಟು ತಂತಿಯನ್ನು ಹಿಡಿದುಕೊಂಡಿತು.

ತಂತಿಯ ವಿಷಯ ಬಂದಾಗ ಪಿಯಾನೊದ ಒಳಗನ್ನು ಸ್ವಲ್ಪ ತೆರೆದು ನೋಡಬೇಕು. ಇಲ್ಲವಾದರೆ ಇಷ್ಟೆಲ್ಲ ರಂಪ ಯಾಕೆ ಎಂದು ತಿಳಿಯುವುದಿಲ್ಲ. 88 ಮನೆಗಳ ವಾದ್ಯದಲ್ಲಿ ಸುಮಾರು 230 ಉಕ್ಕಿನ ತಂತಿಗಳಿರುತ್ತವೆ. ಮೇಲಿನ ಸ್ವರಗಳಿಗೆ ಮೂರು ಮೂರು, ನಡುವೆ ಎರಡು, ಕೆಳಗಿನ ಮಂದ್ರಕ್ಕೆ ತಾಮ್ರ ಸುತ್ತಿದ ದಪ್ಪ ತಂತಿ ಒಂದೊಂದು. ಎಲ್ಲ ತಂತಿಗಳ ಎಳೆತ ಕೂಡಿದರೆ ಹದಿನೆಂಟು ಟನ್ನಿನ ಆಸುಪಾಸು. ಅದನ್ನು ತಡೆದುಕೊಳ್ಳಲೆಂದೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಕೂರಿಸಿರುತ್ತಾರೆ. ಪ್ರತಿ ತಂತಿಯ ತುದಿಯೂ ಒಂದು ಉಕ್ಕಿನ ಮೊಳೆಗೆ ಸುತ್ತಿಕೊಂಡಿರುತ್ತದೆ. ನಮ್ಮ ವೀಣೆಯ ಬಿರಡೆಯ ಕೆಲಸವನ್ನೇ ಇಲ್ಲಿ ಈ ಮೊಳೆ ಮಾಡುತ್ತದೆ, ಆದರೆ ಬೆರಳಿಗೆ ಬಗ್ಗುವುದಿಲ್ಲ, ಉದ್ದ ಹಿಡಿಯ ವಿಶೇಷ ಸ್ಪ್ಯಾನರ್ ಬೇಕು. ತಂಬೂರಿ ಹಿಡಿದು ವೇದಿಕೆಗೆ ಬಂದವರು ಜೀವಾಳಿ ಸರಿಸಿ, ಕಿವಿಗೊಟ್ಟು, ಐದು ನಿಮಿಷದಲ್ಲಿ ಶ್ರುತಿ ಕೂಡಿಸಿಕೊಂಡುಬಿಡುತ್ತಾರೆ. ಪಿಯಾನೊ ವಾದಕರಲ್ಲಿ ಬಹುಪಾಲು ಮಂದಿಗೆ ತಮ್ಮ ವಾದ್ಯದ ಶ್ರುತಿ ಮಾಡಲು ಬರುವುದಿಲ್ಲ. ಅದು ಬೇರೆಯೇ ಕಸುಬು. ಕಲಿಯಲು ವರ್ಷಗಳು ಹಿಡಿಯುತ್ತವೆ. ಒಂದೇ ಸ್ವರದ ಎರಡು ತಂತಿಗಳು ಕೂದಲೆಳೆಯಷ್ಟು ಬೇರೆಯಾದರೂ ನಾದ ಅಲೆಅಲೆಯಾಗಿ ತುಯ್ಯುತ್ತದೆ. ಟ್ಯೂನರ್ ಆ ಅಲೆಗಳನ್ನು ಎಣಿಸುತ್ತ ಕಿವಿಯಿಂದ ಕೆಲಸ ಮಾಡುತ್ತಾನೆ.

ಈಗ ಆ ವಾದ್ಯವನ್ನು ಹವಾನಾದಲ್ಲಿಡಿ. ಕಡಲ ಗಾಳಿಯ ಉಪ್ಪು ತಂತಿಗೂ ಮೊಳೆಗೂ ತುಕ್ಕು ಹಿಡಿಸುತ್ತದೆ. ತೇವ ಹೀರಿದ ಸೌಂಡ್‌ಬೋರ್ಡ್ ಉಬ್ಬಿ ತಂತಿಗಳನ್ನು ಮೇಲಕ್ಕೆ ತಳ್ಳುತ್ತದೆ, ಒಣಹವೆಗೆ ಮತ್ತೆ ಕುಗ್ಗುತ್ತದೆ. ಪ್ರತಿ ಸಲ ಶ್ರುತಿ ಜಾರುತ್ತದೆ. ಹಳೆಯ ಪಿಯಾನೊಗಳಲ್ಲಿ ಬಳಸಿದ ಪ್ರಾಣಿಜನ್ಯ ಅಂಟು ಸೆಕೆಗೆ ಸಡಿಲವಾಗುತ್ತದೆ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ತಲೆಗೆ ಉಣ್ಣೆಯ ಫೆಲ್ಟ್ ಸುತ್ತಿರುತ್ತದೆ, ಅದು ನುಸಿಗೆ ಹಬ್ಬ. ಮರ ಗೆದ್ದಲಿನ ಪಾಲು. ಹೊರಗಿನ ಪಾಲಿಶ್ ಲಕಲಕ ಹೊಳೆಯುತ್ತಿದ್ದರೂ ಒಳಗೆ ಬರೀ ಹಿಟ್ಟು.

ಇದು ಊಹೆಯ ಚಿತ್ರವಲ್ಲ. ರೂಬೆನ್ ಗೊನ್ಸಾಲೆಸ್ 1940ರ ದಶಕದಿಂದಲೇ ಕ್ಯೂಬಾದ ಹೆಸರಾಂತ ವಾದ್ಯವೃಂದಗಳಲ್ಲಿ ಪಿಯಾನೊ ನುಡಿಸಿದವರು. ಮುಪ್ಪಿನಲ್ಲಿ ಅವರ ಮನೆಯಲ್ಲಿ ಪಿಯಾನೊ ಇರಲಿಲ್ಲ, ಇದ್ದದ್ದು ಹುಳು ಹಿಡಿದು ಹಾಳಾಗಿತ್ತು. 1996ರಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಹವಾನಾದ ಎಗ್ರೆಮ್ ಸ್ಟುಡಿಯೋದಲ್ಲಿ ‘ಬ್ಯುಯೆನಾ ವಿಸ್ತಾ ಸೋಶಿಯಲ್ ಕ್ಲಬ್’ ಧ್ವನಿಮುದ್ರಣ ಮಾಡಿದಾಗ ಗೊನ್ಸಾಲೆಸ್‌ಗೆ 77ರ ಹತ್ತಿರ ವಯಸ್ಸು. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವ ಮೊದಲೇ ಬಂದು ಕಾದಿರುತ್ತಿದ್ದರು, ಬಾಗಿಲು ತೆಗೆದೊಡನೆ ಪಿಯಾನೊ ಮುಂದೆ ಕೂತುಬಿಡುತ್ತಿದ್ದರು ಎಂದು ಅಲ್ಲಿದ್ದವರು ನೆನೆದಿದ್ದಾರೆ. ಆ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು, ಗ್ರ್ಯಾಮಿ ಪಡೆಯಿತು, ವಿಮ್ ವೆಂಡರ್ಸ್ ಸಿನಿಮಾ ಮಾಡಿದರು. ಮೆಕ್ಸಿಕೊ ಮೂಲಕ ಹವಾನಾ ಸೇರಿದ್ದ ಕೂಡರ್‌ಗೆ ದಿಗ್ಬಂಧನ ಮುರಿದದ್ದಕ್ಕೆ ದಂಡ ಬಿತ್ತು. ರೆಕಾರ್ಡು ಕಾನೂನುಬದ್ಧ, ರೆಕಾರ್ಡು ಮಾಡಲು ಹೋದದ್ದು ಕಾನೂನುಬಾಹಿರ. ಟ್ರುಹಾಫ್ಟ್ ಕಥೆಯೇ ಇನ್ನೊಂದು ರಾಗದಲ್ಲಿ.

ಕ್ಯೂಬಾದಲ್ಲಿ ಪಿಯಾನೊ ಹಾಳಾದರೆ ಅಷ್ಟು ದೊಡ್ಡ ಸಂಗತಿಯೇ ಎಂದು ಕೇಳಬಹುದು. ಅಲ್ಲಿ ಹೌದು. ಆ ದ್ವೀಪದಲ್ಲಿ ಪಿಯಾನೊ ಶ್ರೀಮಂತರ ದಿವಾನಖಾನೆಯಿಂದ ಬೀದಿಗೆ ಇಳಿದು ಒಂದೂವರೆ ಶತಮಾನವಾಗಿದೆ. 19ನೇ ಶತಮಾನದ ಸೌಮೆಲ್, ಸರ್ವಾಂತೆಸ್ ಅವರ ಕುಣಿತದ ಮಟ್ಟುಗಳಿಂದ ಹಿಡಿದು ಲೆಕುವೋನಾವರೆಗೆ, ಬೆಬೊ ವಾಲ್ದೆಸ್ ಮತ್ತು ಅವರ ಮಗ ಚುಚೊವರೆಗೆ, ಆಫ್ರಿಕಾದ ತಾಳವನ್ನು ಯುರೋಪಿನ ಪೆಟ್ಟಿಗೆಯಲ್ಲಿ ಹಿಡಿದವರ ಪರಂಪರೆ ಅದು. ಕ್ರಾಂತಿಯ ನಂತರ ಸರ್ಕಾರ ಸಂಗೀತ ಶಿಕ್ಷಣವನ್ನು ಉಚಿತ ಮಾಡಿತು. ಹವಾನಾದ ಹೊರವಲಯದಲ್ಲಿ ಸಿರಿವಂತರ ಗಾಲ್ಫ್ ಮೈದಾನವಾಗಿದ್ದ ಜಾಗದಲ್ಲಿ ರಾಷ್ಟ್ರೀಯ ಕಲಾ ಶಾಲೆಗಳನ್ನು ಕಟ್ಟಲು ಹೊರಟಿತು. ಸಿಮೆಂಟು, ಕಬ್ಬಿಣಕ್ಕೆ ತತ್ವಾರವಿದ್ದುದರಿಂದ ವಾಸ್ತುಶಿಲ್ಪಿಗಳು ಇಟ್ಟಿಗೆಯಲ್ಲೇ ಕಮಾನು, ಗುಮ್ಮಟ ಎಬ್ಬಿಸಿದರು. ಅವು ಇಂದಿಗೂ ಜಗತ್ತಿನ ಸುಂದರ ಕಟ್ಟಡಗಳ ಪಟ್ಟಿಯಲ್ಲಿವೆ, ಕೆಲವು ಅರ್ಧಕ್ಕೇ ನಿಂತೂ ಹೋದವು. ಕಟ್ಟಡಕ್ಕೆ ಇಟ್ಟಿಗೆ ಸಿಕ್ಕಿತು, ಪಿಯಾನೊ ತಂತಿಗೆ ಅಂಥ ಬದಲಿ ವಸ್ತುವಿಲ್ಲ. ಸೋವಿಯತ್ ಒಕ್ಕೂಟ ಇರುವತನಕ ಅಲ್ಲಿಂದ ಪಿಯಾನೊಗಳು ಬರುತ್ತಿದ್ದವು. 1991ರಲ್ಲಿ ಅದು ಕುಸಿದಾಗ ಕ್ಯೂಬಾದ ಆರ್ಥಿಕತೆ ಕೆಲವೇ ವರ್ಷಗಳಲ್ಲಿ ಸುಮಾರು ಮೂರನೇ ಒಂದರಷ್ಟು ಕುಗ್ಗಿತು. ಊಟಕ್ಕೇ ಕಷ್ಟವಾದ ಆ ದಿನಗಳಲ್ಲಿ ಫೆಲ್ಟನ್ನು ಕೇಳುವವರು ಯಾರು?

(ಆ ದಿನಗಳಲ್ಲಿ ಭಾರತದ ಎಡಪಕ್ಷಗಳು ಚಂದಾ ಎತ್ತಿ ಗೋಧಿ ಕೂಡಿಸಿ, 1992ರಲ್ಲಿ ಹಡಗಿನಲ್ಲಿ ಹವಾನಾಕ್ಕೆ ಕಳಿಸಿದ್ದವು. ಆಮೇಲೆ ಬಹುತೇಕ ಪ್ರತಿವರ್ಷ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಈ ದಿಗ್ಬಂಧನವನ್ನು ಖಂಡಿಸುವ ನಿರ್ಣಯ ಮಾಡುತ್ತ ಬಂದಿದೆ. ಭಾರತ ಪರವಾಗಿ ಕೈ ಎತ್ತುತ್ತದೆ. ದಿಗ್ಬಂಧನ ತನ್ನ ಪಾಡಿಗೆ ತಾನಿದೆ.)

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ, ಕ್ಯೂಬಾವನ್ನು ಮೆಚ್ಚುವವರು ಇದನ್ನು ಹೇಳುವುದು ಕಡಿಮೆ. ಅಮೆರಿಕ ಕೊಡದಿದ್ದರೆ ಜಪಾನ್ ಕೊಡುತ್ತಿತ್ತು, ಜರ್ಮನಿ ಕೊಡುತ್ತಿತ್ತು, ಚೀನಾ ಕೊಡುತ್ತದೆ. ಅಮೆರಿಕದ ಭಾಗಗಳು ಬೆರೆತ ವಸ್ತುವಿಗೆ, ಅಮೆರಿಕದ ಬ್ಯಾಂಕಿಗೆ ಹೆದರುವ ಹಡಗು ಕಂಪನಿಗಳಿಗೆ ತೊಡಕುಗಳಿವೆ, ನಿಜ. ಆದರೆ ಮೂಲ ಕೊರತೆ ವಿದೇಶಿ ವಿನಿಮಯದ್ದು, ಅದರ ಹಿಂದೆ ದಿಗ್ಬಂಧನವೂ ಇದೆ, ಹವಾನಾದ ಸರ್ಕಾರ ತಾನೇ ಕಟ್ಟಿಕೊಂಡ ಆರ್ಥಿಕ ವ್ಯವಸ್ಥೆಯೂ ಇದೆ. ಒಂದನ್ನು ಬೈಯುವಾಗ ಇನ್ನೊಂದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಟ್ರುಹಾಫ್ಟ್ ಅವರಿಗೆ ಈ ಜಗಳಗಂಟಿತನ ರಕ್ತದಲ್ಲೇ ಬಂದಿರಬೇಕು. ತಾಯಿ ಜೆಸಿಕಾ ಮಿಟ್‌ಫರ್ಡ್, ಇಂಗ್ಲೆಂಡಿನ ಸಿರಿವಂತ ಮನೆತನ ಬಿಟ್ಟು ಓಡಿಹೋಗಿ, ಅಮೆರಿಕದಲ್ಲಿ ಕಮ್ಯುನಿಸ್ಟ್ ಆಗಿ, ಅಲ್ಲಿಯ ಶವಸಂಸ್ಕಾರದ ವ್ಯಾಪಾರದ ಸುಲಿಗೆಯನ್ನು 1963ರ ಪುಸ್ತಕದಲ್ಲಿ ಬಯಲಿಗೆಳೆದವರು. ಆಕೆಯ ಅಕ್ಕಂದಿರಲ್ಲಿ ಒಬ್ಬಾಕೆ ಹಿಟ್ಲರನ ಆರಾಧಕಿ. ತಂದೆ ರಾಬರ್ಟ್ ಟ್ರುಹಾಫ್ಟ್ ಓಕ್‌ಲೆಂಡಿನ ಎಡಪಂಥೀಯ ವಕೀಲರು. 1971ರ ಬೇಸಿಗೆಯಲ್ಲಿ ಅವರ ಕಚೇರಿಯಲ್ಲಿ ತರಬೇತಿಗೆ ಬಂದ ಕಾನೂನು ವಿದ್ಯಾರ್ಥಿನಿಯ ಹೆಸರು ಹಿಲರಿ ರಾಡಮ್. ಮುಂದೆ ಆಕೆಯ ಪತಿ ಬಿಲ್ ಕ್ಲಿಂಟನ್ 1996ರ ಮಾರ್ಚಿನಲ್ಲಿ ಹೆಲ್ಮ್ಸ್–ಬರ್ಟನ್ ಕಾಯ್ದೆಗೆ ಸಹಿ ಹಾಕಿ, ಅಧ್ಯಕ್ಷರು ಮನಸ್ಸು ಮಾಡಿದರೂ ದಿಗ್ಬಂಧನವನ್ನು ಒಬ್ಬರೇ ತೆಗೆಯಲಾಗದಂತೆ ಅದನ್ನು ಶಾಸನದಲ್ಲಿ ಬಿಗಿದರು.

ಅಷ್ಟರಲ್ಲಿ ಪಿಯಾನೊಗಳು ಹಡಗು ಹತ್ತತೊಡಗಿದ್ದವು. ಅಮೆರಿಕದಲ್ಲಿ ಅವುಗಳಿಗೆ ಬರವಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಪಿಯಾನೊ ತಯಾರಾಗುತ್ತಿದ್ದವು, ಆಮೇಲೆ ಗ್ರಾಮಫೋನು, ರೇಡಿಯೊ, ಟಿ.ವಿ. ಬಂದು ಅವೆಲ್ಲ ಜಾಗ ತಿನ್ನುವ ಪೀಠೋಪಕರಣವಾದವು. ಗೋಡೆಗೊರಗಿಸುವ ಒಂದು ಪಿಯಾನೊ ಇನ್ನೂರು ಕಿಲೋ ಮೀರಿ ತೂಗುತ್ತದೆ. ಸಾಗಹಾಕಲು ದುಡ್ಡು ಕೊಡಬೇಕು. ಹಾಗಾಗಿ ದಾನಿಗಳು ಸಿಕ್ಕರು. ವರ್ಷಗಳು ಉರುಳಿದಂತೆ ಇನ್ನೂರಕ್ಕೂ ಹೆಚ್ಚು ಪಿಯಾನೊಗಳು ಕ್ಯೂಬಾ ತಲುಪಿದವು.

ಇಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಇನ್ನೂರರ ಲೆಕ್ಕವಲ್ಲ. ಟ್ಯೂನರ್ ಇಲ್ಲದ ಊರಿಗೆ ಪಿಯಾನೊ ಕಳಿಸುವುದು ಗೆದ್ದಲಿಗೆ ಊಟ ಕಳಿಸಿದಂತೆ ಎಂದು ಟ್ರುಹಾಫ್ಟ್ ಅವರಿಗೆ ಬೇಗ ಹೊಳೆಯಿತು. ಕಸುಬು ಬಲ್ಲ ಗೆಳೆಯರನ್ನು ತಂತಿ, ಮೊಳೆ, ಫೆಲ್ಟು, ಅಂಟಿನ ಸಮೇತ ಗುಂಪುಕಟ್ಟಿ ಕರೆದೊಯ್ದರು, ಅಲ್ಲಿಯ ಯುವಕರಿಗೆ ಕೆಲಸ ಕಲಿಸುವುದಕ್ಕೂ ಕೈಹಾಕಿದರು. ವರ್ಷಾನುಗಟ್ಟಲೆ ಶ್ರುತಿ ಕಾಣದ ಪಿಯಾನೊ ಅರ್ಧ ಸ್ವರ ಕೆಳಗಿಳಿದಿದ್ದರೆ ಅದನ್ನು ಒಂದೇ ಸಲ ಮೇಲೆತ್ತಲಾಗದು. ತುಕ್ಕು ಹಿಡಿದ ತಂತಿ ಫಟ್ಟನೆ ಹರಿಯುತ್ತದೆ. ಹರಿಯದಿದ್ದರೂ, ಕೊನೆಯ ತಂತಿಗೆ ಬರುವಷ್ಟರಲ್ಲಿ ಹೆಚ್ಚಿದ ಎಳೆತಕ್ಕೆ ಮರ ಬಾಗಿ ಮೊದಲನೆಯದು ಮತ್ತೆ ಇಳಿದಿರುತ್ತದೆ. ಒಂದು ಸುತ್ತು ಒರಟಾಗಿ ಎತ್ತಬೇಕು, ಮತ್ತೊಂದು ಸುತ್ತು ನಯವಾಗಿ ಕೂಡಿಸಬೇಕು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ವಾರದ ಮಟ್ಟಿಗೆ ಬಂದು, ಫೋಟೊ ತೆಗೆಸಿಕೊಂಡು ಹೋಗುವ ಸ್ವಯಂಸೇವಕ ಮಾಡಿದ ಶ್ರುತಿ ಅವನ ವಿಮಾನ ಇಳಿಯುವ ಹೊತ್ತಿಗೆ ಜಾರಿರುತ್ತದೆ. ಆ ‘ಕೆಲವು ವಾರ ಬಿಟ್ಟು’ ನೋಡುವವನು ಊರಿನವನೇ ಆಗಬೇಕು.

ಈಗ ಹೋಗಬೇಕೆನ್ನುವವರ ಪಾಡೇನು? 2014ರ ಡಿಸೆಂಬರಿನಲ್ಲಿ ಒಬಾಮ ಸಂಬಂಧ ಸುಧಾರಣೆ ಘೋಷಿಸಿದ ಮೇಲೆ ನಿಯಮ ಸಡಿಲವಾಯಿತು. ಹನ್ನೆರಡು ಬಗೆಯ ಪ್ರಯಾಣಕ್ಕೆ ಮೊದಲೇ ಅರ್ಜಿ ಹಾಕಬೇಕಾಗಿಲ್ಲ. ಕಾರ್ಯಾಗಾರ, ಶಿಕ್ಷಣ, ಮಾನವೀಯ ಯೋಜನೆ, ಕ್ಯೂಬಾ ಜನರಿಗೆ ಬೆಂಬಲ ಮುಂತಾದವು ಆ ಪಟ್ಟಿಯಲ್ಲಿವೆ, ಪಿಯಾನೊ ಕೆಲಸಕ್ಕೆ ಯಾವುದಾದರೊಂದು ಹೊಂದುತ್ತದೆ. ತಾನು ಯಾವ ಖಾನೆಯಲ್ಲಿ ಬರುತ್ತೇನೆ ಎಂದು ಪ್ರಯಾಣಿಕನೇ ತೀರ್ಮಾನಿಸಿ, ದಿನವಿಡೀ ಆ ಕೆಲಸದಲ್ಲೇ ತೊಡಗಿದ್ದನ್ನು ತೋರಿಸಬೇಕು. ಬೆಳಿಗ್ಗೆ ಒಂದು ಗಂಟೆ ತಂತಿ ಬಿಗಿದು ಉಳಿದ ದಿನ ಸಮುದ್ರಸ್ನಾನ ಎಂದರೆ ನಡೆಯದು. 2017ರ ನಂತರ ಟ್ರಂಪ್ ಆಡಳಿತ ಮತ್ತೆ ಬಿಗಿಮಾಡಿತು. ಕ್ಯೂಬಾ ಸೇನೆಯ ನಂಟಿರುವ ಸಂಸ್ಥೆಗಳ ಪಟ್ಟಿ, ಆಮೇಲೆ ಉಳಿದುಕೊಳ್ಳಬಾರದ ಹೋಟೆಲುಗಳ ಪಟ್ಟಿ ಹೊರಬಂದವು. ಮನೆಗಳಲ್ಲಿ ಬಾಡಿಗೆ ಕೋಣೆ ಹಿಡಿಯುವುದು ಸುರಕ್ಷಿತ ದಾರಿ. ಖರ್ಚಿನ ರಸೀತಿ, ದಿನಚರಿ ಎಲ್ಲವನ್ನೂ ಐದು ವರ್ಷ ಕಾಪಿಡಬೇಕಿತ್ತು, 2025ರ ಮಾರ್ಚಿನಿಂದ ಅದು ಹತ್ತು ವರ್ಷ. ತಂತಿ, ಮೊಳೆಗಳಿಗೆ ಮತ್ತೆ ವಾಣಿಜ್ಯ ಇಲಾಖೆಯ ಬೇರೆ ನಿಯಮ. ಎರಡು ಕಚೇರಿಗಳ ನಡುವಿನ ಆ ಹಳೆಯ ಗೋಡೆ ಬಿದ್ದಿಲ್ಲ.

ಬೆಂಗಳೂರಿನ ಓದುಗರು ‘ನಮಗೇನು?’ ಎನ್ನಬಹುದು. ಭಾರತದ ಪಾಸ್‌ಪೋರ್ಟ್ ಹಿಡಿದು ಭಾರತದಲ್ಲಿರುವವರನ್ನು ಈ ಕಾನೂನು ಮುಟ್ಟುವುದಿಲ್ಲ, ಕ್ಯೂಬಾದ ವೀಸಾ ಪಡೆದು ಹೋಗಬಹುದು. ಆದರೆ ಅಮೆರಿಕದ ಗ್ರೀನ್ ಕಾರ್ಡ್ ಉಳ್ಳವರನ್ನು ಅವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಮುಟ್ಟುತ್ತದೆ. ಸ್ಯಾನ್ ಹೋಸೆಯಲ್ಲಿ ನೆಲೆಸಿದ ಕನ್ನಡಿಗರು ರಜೆಗೆ ಮೈಸೂರಿಗೆ ಬಂದು, ಇಲ್ಲಿಂದ ಮ್ಯಾಡ್ರಿಡ್ ಮೂಲಕ ಹವಾನಾಕ್ಕೆ ಹಾರಿದರೂ ಕಾನೂನಿನ ಕಣ್ಣಲ್ಲಿ ಅಮೆರಿಕದಿಂದಲೇ ಹೊರಟವರು. ಸುತ್ತುದಾರಿ ಹಿಡಿದರೆ ತಪ್ಪಿಸಿಕೊಂಡೆವು ಎಂಬ ಭ್ರಮೆ ಬೇಡ. ಕ್ಯೂಬಾದ ಕಡೆಯಿಂದಲೂ ಬಾಗಿಲು ತಾನಾಗಿ ತೆರೆದಿರುವುದಿಲ್ಲ. ಸಂಗೀತ ಶಾಲೆಗಳು ಸರ್ಕಾರದವು, ಪ್ರವಾಸಿ ವೀಸಾದಲ್ಲಿ ಹೋಗಿ ನೇರವಾಗಿ ಶಾಲೆಯ ಪಿಯಾನೊ ಬಿಚ್ಚಿ ಕೂರಲಾಗದು. ಅಲ್ಲಿಯ ಸಂಸ್ಥೆಯ ಆಹ್ವಾನ ಮೊದಲು ಬೇಕು.

ನನ್ನನ್ನು ಕೇಳಿದರೆ, ಪಿಯಾನೊ ನುಡಿಸಲು ಮಾತ್ರ ಬಲ್ಲವರು ಹೋಗುವ ಅಗತ್ಯ ಅಷ್ಟಿಲ್ಲ. ನುಡಿಸುವವರು ಆ ದ್ವೀಪದಲ್ಲಿ ಬೇಕಾದಷ್ಟಿದ್ದಾರೆ, ನಮಗೇ ಕಲಿಸುವಷ್ಟಿದ್ದಾರೆ. ಬೇಕಾಗಿರುವುದು ದುರಸ್ತಿ ಬಲ್ಲವರು. ಇತ್ತೀಚಿನ ವರ್ಷಗಳಲ್ಲಿ ಕರೆಂಟು ದಿನಗಟ್ಟಲೆ ಕೈಕೊಡುತ್ತಿದೆ, ಲಕ್ಷಾಂತರ ಮಂದಿ ದೇಶ ಬಿಟ್ಟು ಹೊರಟಿದ್ದಾರೆ. ಎರಡು ದಶಕ ತಂತಿ ಬಿಗಿದ ಅನುಭವಿಯೊಬ್ಬ ವಲಸೆ ಹೋದರೆ ಒಂದು ಊರಿನ ಪಿಯಾನೊಗಳೆಲ್ಲ ಅನಾಥ. ಹೋಗುವವರು ಒಂದು ಶಾಲೆಯನ್ನು ಹಿಡಿದು, ಅಲ್ಲಿ ಇಬ್ಬರನ್ನು ಗೊತ್ತುಮಾಡಿಕೊಂಡು, ಅವರ ಕೈಯಲ್ಲೇ ಸ್ಪ್ಯಾನರ್ ಕೊಟ್ಟು ಕೆಲಸ ಮಾಡಿಸಬೇಕು, ಬರುವಾಗ ಆ ಸ್ಪ್ಯಾನರನ್ನೂ, ಉಳಿದ ತಂತಿಯ ಸುರುಳಿಗಳನ್ನೂ ಅಲ್ಲೇ ಬಿಟ್ಟು ಬರಬೇಕು. ಬಿಟ್ಟುಬರುವ ಆ ಸಾಮಾನಿನ ಪಟ್ಟಿಯನ್ನು ಮೊದಲೇ ಬರೆದು, ದಾನವೆಂದು ತೋರಿಸಿ, ನಕಲು ಇಟ್ಟುಕೊಳ್ಳಬೇಕು. ಸಲಕರಣೆಯನ್ನು ತಾತ್ಕಾಲಿಕವಾಗಿ ಒಯ್ಯುವುದಕ್ಕೆ ಒಂದು ನಿಯಮ, ಕೊಟ್ಟು ಬರುವುದಕ್ಕೆ ಇನ್ನೊಂದು.